ಕಲಬುರಗಿ ಮಾತಲ್ಲಿ ಗುಳೆ ಬಗ್ಗೆ ರ‍್ಯಾಪ್ ಬರೆದಿದ್ದೇನೆ, ಇದರಿಂದ ಏನಾದರೂ ಆಗುತ್ತಾ?

ತೊಗರಿ_ಹೊಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಾನು ಚಿಂಚೋಳಿ ಕಡೆಯ ಒಂದು ತಾಂಡಾದ ಹುಡುಗ. ಈಗ ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದೇನೆ. ಕಾಲೇಜಿಗೆ ಬಂದಾಗಿನಿಂದ ರ‍್ಯಾಪ್ ಬರೆಯುತ್ತಿದ್ದೇನೆ. ಸ್ಟುಡಿಯೋ ಗಿಡಿಯೋ ಏನೂ ಇಲ್ಲ. ಫೋನಿನಲ್ಲಿ ಬ್ಯಾಂಡ್‌ಲ್ಯಾಬ್ ಅನ್ನೋ ರೆಕಾರ್ಡಿಂಗ್ ಆ್ಯಪ್ ಇದೆ, ಇಯರ್‌ಫೋನ್ ಮೈಕ್ ಇದೆ, ರೂಮಿನವರು ಊಟಕ್ಕೆ ಹೋದಾಗ ಫ್ಯಾನ್ ಬಂದ್ ಮಾಡಿ, ತಲೆ ಮೇಲೆ ಕೌದಿ ಹೊದ್ದುಕೊಂಡು ರೆಕಾರ್ಡ್ ಮಾಡುತ್ತೇನೆ. ಲೇಬಲ್ (ಹಾಡು ಬಿಡೋ ಕಂಪನಿ) ಬೇಕು ಅಂತಲೂ ಇಲ್ಲ, ಯಾರೂ ಕೇಳಿಯೂ ಇಲ್ಲ.

ಈ ಸಲ ಗುಳೆ ಬಗ್ಗೆ ಬರೆದಿದ್ದೇನೆ. ನಮ್ಮ ತಾಂಡಾದಲ್ಲಿ ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತದೆ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು, ಎಲ್ಲಿ ಬಿಲ್ಡಿಂಗ್ ಏಳುತ್ತಿದೆಯೋ ಅಲ್ಲಿಗೆ. ಮುದುಕರು ಉಳಿಯುತ್ತಾರೆ, ಕುರಿ ಕೋಳಿ ಉಳಿಯುತ್ತವೆ, ಮಕ್ಕಳು ಕೆಲವರು ಉಳಿಯುತ್ತಾರೆ ಕೆಲವರು ಹೋಗುತ್ತಾರೆ. ನಾನೂ ಹೋಗಿದ್ದವನೇ. ಮೊದಲ ನಾಲ್ಕು ಸಾಲು ಇಲ್ಲಿ ಹಾಕುತ್ತೇನೆ:

ತೊಗರಿ ರಾಶಿ ಮುಗದಾದ, ಮನಿಗಿ ಬಿತ್ತು ಕೀಲಿ
ಅವ್ವನ ತಲಿ ಮ್ಯಾಲ ಗಂಟು, ಬೆನ್ನಿಗಿ ಕೂಸಿನ ಜೋಲಿ
ಪುಣೆ ಬಸ್ಸು, ನಿಲ್ಲಾಕ ಜಾಗಿಲ್ಲ, ಗೊತ್ತಿಲ್ಲ ಯಾವ ಗಲ್ಲಿ
ಸಾಲ್ಯಾಗ ಹಾಜರಿ ಕರೀತಾರ, ನನ್ನ ಜಾಗ ಖಾಲಿ

ಈಗ ನನ್ನ ತಲೆಯಲ್ಲಿ ಮೂರು ವಿಷಯ ಸಿಕ್ಕಿಹಾಕಿಕೊಂಡಿವೆ.

ಒಂದು, ಭಾಷೆ. ನನ್ನ ಗೆಳೆಯರು ಹೇಳೋದು, ಈ ಮಾತು ಬೆಂಗಳೂರು ಮೈಸೂರಿನವರಿಗೆ ಅರ್ಥ ಆಗಲ್ಲ, ವ್ಯೂಸ್ ಬರಲ್ಲ, ಸಿನಿಮಾದಲ್ಲಿ ನಮ್ಮ ಮಾತನ್ನು ನಗಿಸೋದಕ್ಕೆ ಮಾತ್ರ ಬಳಸುತ್ತಾರೆ, ನಿನ್ನ ಹಾಡು ಕೇಳಿದವರೂ ನಗುತ್ತಾರೆ ಅಂತ. ಅದು ಸಾಲದು ಅಂತ ಮನೆಯಲ್ಲಿ ನಾವು ಆಡೋದು ಲಂಬಾಣಿ ಮಾತು, ಗೋರ್‌ಬೋಲಿ. ಅದನ್ನೂ ಒಂದೆರಡು ಸಾಲು ಸೇರಿಸಬೇಕು ಅಂತ ಆಸೆ.

ಎರಡು, ಇದು ನನ್ನವ್ವನ ಕತೆ. ಅವಳಿಗೆ ಇನ್ನೂ ಹೇಳಿಲ್ಲ. ಊರವರ ಮುಂದೆ ನಮ್ಮ ಬಡತನ ಹಾಡಿ ತೋರಿಸಿದ ಅಂತ ಅವಳಿಗೆ ಅನ್ನಿಸಿದರೆ?

ಮೂರನೆಯದು ಎಲ್ಲಕ್ಕಿಂತ ಜಾಸ್ತಿ ಕಾಡೋದು. ನಮ್ಮ ಕಾಕಾ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ಅವರಿಗೆ ವಾಟ್ಸಾಪಲ್ಲಿ ಕಳಿಸಿದೆ. ಪೂರ್ತಿ ಕೇಳಿ, ಛಲೋ ಅದ, ಆದ್ರ ಇದರಿಂದ ನಮ್ಮ ಪಗಾರ ಹೆಚ್ಚಾಗ್ತದೇನು ಅಂತ ಕೇಳಿದರು. ಬೈದದ್ದಲ್ಲ, ನಿಜವಾಗಿಯೇ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. ರ‍್ಯಾಪ್‌ನಿಂದ ಸಮಾಜ ಬದಲಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಬದಲಾಗಿದೆ, ಹೇಗೆ ಬದಲಾಗಿದೆ, ತಿಳಿದವರು ಹೇಳಿ. ಸುಮ್ನೆ ಹುರಿದುಂಬಿಸೋ ಮಾತು ಬೇಡ.

---

ಸ್ಟೇಷನ್_ಬಜಾರ್_ಬೀಟ್ಸ್ (ಕಲಬುರಗಿ)

ತಮ್ಮಾ, ಮೊದಲು ಆ ನಾಲ್ಕನೇ ಸಾಲು. ಅದನ್ನು ಯಾರು ಏನೇ ಹೇಳಿದರೂ ಮುಟ್ಟಬೇಡ. ಹಾಜರಿ ಕರೆಯುವಾಗ ಖಾಲಿ ಇರೋ ಜಾಗ, ಅದನ್ನು ಕಂಡವನೇ ಬರೆಯೋಕೆ ಆಗೋದು.

ನಾನು ಇಲ್ಲೇ ಬೀಟ್ ಮಾಡುತ್ತೇನೆ, ಹುಡುಗರಿಗೆ ಮಿಕ್ಸಿಂಗ್ ಮಾಡಿ ಕೊಡುತ್ತೇನೆ. ಭಾಷೆಯ ಪ್ರಶ್ನೆಯನ್ನು ನನ್ನ ಹತ್ರ ಬರೋ ಪ್ರತಿಯೊಬ್ಬ ಹುಡುಗನೂ ಕೇಳುತ್ತಾನೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟ್‌ನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಕೂಲ್ ಹರ್ಕ್ ಅನ್ನೋ ಡಿಜೆ ಹಾಕಿದ ಒಂದು ಪಾರ್ಟಿಯಲ್ಲಿ ಅಂತ ಎಲ್ಲರೂ ಒಪ್ಪುತ್ತಾರೆ. ಮೊದಲಿಗೆ ಅದು ಕುಣಿಯೋ ಸಂಗೀತವೇ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ಹೆಸರಲ್ಲಿ ಬಂದ 'ದಿ ಮೆಸೇಜ್' ಹಾಡಿನಲ್ಲಿ ತಮ್ಮ ಓಣಿಯ ಒಡೆದ ಗಾಜು, ಕೆಟ್ಟ ವಾಸನೆ, ಕೆಲಸ ಇಲ್ಲದ ಜನ, ಇದೆಲ್ಲ ಬಂತು. ಅಲ್ಲಿಂದ ರ‍್ಯಾಪ್ ಅಂದರೆ ಓಣಿಯ ಸುದ್ದಿ ಅನ್ನೋ ದಾರಿ ತೆರೆಯಿತು. ಆ ಓಣಿಯನ್ನು ನಾವ್ಯಾರೂ ನೋಡಿಲ್ಲ. ಆದರೂ ಹಾಡು ಇಲ್ಲಿವರೆಗೆ ಬಂತು.

ಮುಂಬೈಯಲ್ಲೂ ಅದೇ ಆಯ್ತು. ಕುರ್ಲಾದ ನೇಝಿ 2014ರಲ್ಲಿ ತನ್ನ ಮೊದಲ ವಿಡಿಯೋ ಹಾಡನ್ನು ಒಂದು ಐಪ್ಯಾಡಲ್ಲೇ ರೆಕಾರ್ಡ್ ಮಾಡಿ, ಅದರಲ್ಲೇ ಶೂಟ್ ಮಾಡಿ ಬಿಟ್ಟ. ಅವನು, ಡಿವೈನ್, ಆಮೇಲೆ ಧಾರಾವಿಯ ಹುಡುಗರು, ಇವರೆಲ್ಲ ಹಾಡಿದ್ದು ಪುಸ್ತಕದ ಹಿಂದಿಯಲ್ಲಲ್ಲ, ಗಲ್ಲಿಯ ಹಿಂದಿಯಲ್ಲಿ. ಅವರ ಕತೆ ಹಿಡಿದು 'ಗಲ್ಲಿ ಬಾಯ್' ಸಿನಿಮಾ ಬಂದದ್ದು 2019ರಲ್ಲಿ, ಹಾಡು ಮೊದಲೇ ನಿಂತಿತ್ತು. ಅವರು ಭಾಷೆ ಬದಲಿಸಿದ್ದರೆ ಆ ಹಾಡಿನಲ್ಲಿ ಏನು ಉಳಿಯುತ್ತಿತ್ತು?

ಕನ್ನಡದಲ್ಲೂ ರ‍್ಯಾಪ್ ಈಗ ಹೊಸದಲ್ಲ. ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೊ, ಇವರ ಹಾಡುಗಳನ್ನು ನಮ್ಮ ಹುಡುಗರು ಕೇಳಿಕೊಂಡೇ ಬೆಳೆದಿದ್ದಾರೆ. ಅವರಿಂದ ಕಲಿಯೋದು ಬೇಕಾದಷ್ಟಿದೆ. ಆದರೆ 'ಮನಿಗಿ', 'ಮ್ಯಾಲ', 'ಸಾಲ್ಯಾಗ' ಅನ್ನೋ ಮಾತಿನ ತಾಳವೇ ಬೇರೆ. ನಮ್ಮ ಮಾತಲ್ಲಿ ಪದಗಳು ಬೇಗ ಮುಗಿಯುತ್ತವೆ, ಬೀಟಿನ ಮೇಲೆ ಗಟ್ಟಿಯಾಗಿ ಕೂರುತ್ತವೆ. ನೀನು ಅದನ್ನು 'ಮನೆಗೆ', 'ಮೇಲೆ', 'ಶಾಲೆಯಲ್ಲಿ' ಅಂತ ಮಾಡಿ ನೋಡು. ಪ್ರಾಸ ಹೋಗುತ್ತೆ, ಏಟೂ ಹೋಗುತ್ತೆ. ಗೋರ್‌ಬೋಲಿ ಸೇರಿಸು. ಅರ್ಥ ಆಗದವರಿಗೆ ಕೆಳಗೆ ಸಾಲು ಬರೆದು ಹಾಕಿದರಾಯ್ತು. ನಾವು ಪಂಜಾಬಿ ಹಾಡು ಕೇಳುವಾಗ ಅರ್ಥ ಕೇಳಿಕೊಂಡು ಕೇಳುತ್ತೇವಾ?

ಕೆಲಸದ ವಿಷಯ ಒಂದು. ಯೂಟ್ಯೂಬಲ್ಲಿ ಸಿಗೋ 'ಫ್ರೀ' ಟೈಪ್ ಬೀಟ್ ತಗೊಂಡಿದ್ದರೆ ಅದರ ಕೆಳಗಿನ ಬರಹ ಪೂರ್ತಿ ಓದು. ಬಹಳಷ್ಟು ಸಲ ಅದು ದುಡ್ಡು ಮಾಡದಿದ್ದರೆ ಮಾತ್ರ ಫ್ರೀ. ಹಾಡು ಓಡಿದ ಮೇಲೆ ಬೀಟ್ ಮಾಡಿದವನು ಕ್ಲೇಮ್ ಹಾಕಿದರೆ ಬಂದ ಹಣ ಅವನಿಗೆ. ದುಡ್ಡು ಕೊಟ್ಟು ಬಳಸೋ ಹಕ್ಕು (ಲೀಸ್) ತಗೋ, ಇಲ್ಲಾ ಇಲ್ಲೇ ಯಾರ ಹತ್ರವಾದರೂ ಮಾಡಿಸು. ನಿನ್ನ ಹಾಡಿಗೆ ನನಗೆ ಹಲಗಿ ಕೇಳಿಸುತ್ತಿದೆ. ಕಂಪ್ಯೂಟರ್ ಹಲಗಿ ಅಲ್ಲ, ಬೆಂಕಿಗೆ ಹಿಡಿದು ಕಾಯಿಸಿದ ಹಲಗಿ.

---

ಸುರಪುರ_ಮೇಷ್ಟ್ರು (ಯಾದಗಿರಿ ಜಿಲ್ಲೆ)

ತಮ್ಮಾ, ನಾನು ನಿವೃತ್ತ ಶಿಕ್ಷಕ. ಸಾಕ್ಷರತಾ ಆಂದೋಲನದ ಕಾಲದಲ್ಲಿ ಊರೂರಿಗೆ ಬೀದಿ ನಾಟಕ, ಹಾಡು ತಗೊಂಡು ಹೋದವನು. ನಿಮ್ಮ ಕಾಕಾ ಕೇಳಿದ ಪ್ರಶ್ನೆಯನ್ನೇ ಆಗ ನಮಗೂ ಜನ ಕೇಳುತ್ತಿದ್ದರು. ಅದಕ್ಕೆ ನೇರವಾಗಿ ಉತ್ತರ ಕೊಡೋ ಪ್ರಯತ್ನ ಮಾಡುತ್ತೇನೆ.

ಹಾಡು ಒಂದೇ ಪಗಾರ ಹೆಚ್ಚಿಸಲ್ಲ. ಆದರೆ ಪಗಾರಕ್ಕಾಗಿ ಜಗಳ ನಡೆಯುತ್ತಿರೋ ಕಡೆ ಹಾಡು ಬಂದರೆ ಬಲ ಬರುತ್ತದೆ. ಕೊಡೈಕನಾಲ್ ವಿಷಯ ತಗೋ. ಅಲ್ಲಿ ಪಾದರಸದ ಥರ್ಮಾಮೀಟರ್ ಮಾಡೋ ಕಾರ್ಖಾನೆ ಇತ್ತು, ವಿಷದ ಕಸ ಹೊರಗೆ ಬಿತ್ತು ಅನ್ನೋದು ಬಯಲಾಗಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಓಡಾಡಿದರು, ಕೋರ್ಟಿಗೆ ಹೋದರು. 2015ರ ಜುಲೈಯಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಅದರ ಮೇಲೆ ಒಂದು ರ‍್ಯಾಪ್ ವಿಡಿಯೋ ಮಾಡಿದಳು. ಲಕ್ಷಾಂತರ ಜನ ನೋಡಿದರು, ಹೊರ ದೇಶದ ಪತ್ರಿಕೆಗಳೂ ಬರೆದವು. 2016ರ ಮಾರ್ಚ್‌ನಲ್ಲಿ ಕಂಪನಿ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದಕ್ಕೆ ಬಂತು. ಹಾಡಿನಿಂದಲೇ ಆಯ್ತು ಅಂತ ಹೇಳಿದರೆ ಆ ಕಾರ್ಮಿಕರಿಗೆ ಅನ್ಯಾಯ. ಹಾಡಿನಿಂದ ಏನೂ ಆಗಲಿಲ್ಲ ಅಂದರೆ ಅದೂ ಸುಳ್ಳು. ಹದಿನೈದು ವರ್ಷದ ಹೋರಾಟ ಇತ್ತು, ಕೇಳೋ ಕಿವಿ ಇರಲಿಲ್ಲ, ಹಾಡು ಕಿವಿ ತಂದಿತು.

ಹಾಗಾಗಿ ನಾನು ಕೇಳೋದು, ನಿನ್ನ ಹಾಡಿನ ಹಿಂದೆ ಯಾರಿದ್ದಾರೆ? ಕಟ್ಟಡ ಕಾರ್ಮಿಕರ ಸಂಘ ಇದೆಯಾ, ಗುಳೆ ಹೋದವರ ಮಕ್ಕಳಿಗೆ ಹಾಸ್ಟೆಲ್ ಕೇಳುತ್ತಿರೋ ಯಾರಾದರೂ ಇದ್ದಾರಾ? ಅವರ ಹತ್ರ ಹೋಗಿ ಕೂತು ಮಾತಾಡು. ನಿನ್ನ ನಾಲ್ಕನೇ ಸಾಲಿಗೆ ನಾನು ಮೇಷ್ಟ್ರಾಗಿ ಒಂದು ಸಂಗತಿ ಸೇರಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಟಿಸಿ ಬರೋದು ತಡ ಆಯ್ತು ಅನ್ನೋ ಕಾರಣಕ್ಕೆ ಶಾಲೆಯವರು ವಾಪಸ್ ಕಳಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಕಳಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ನಾನು ಕಂಡಂತೆ ಗುಳೆ ಹೋಗೋ ತಂದೆ ತಾಯಿಗೆ ಇದು ಗೊತ್ತೇ ಇರಲ್ಲ. ಕಾಗದ ಇಲ್ಲ ಅಂತ ತಾವೇ ಸುಮ್ಮನಾಗುತ್ತಾರೆ. 'ಟಿಸಿ ಇಲ್ಲಂದ್ರೂ ಸಾಲಿ ಕೊಡಬೇಕು' ಅಂತ ಒಂದು ಸಾಲು ನಿನ್ನ ಹಾಡಿನಲ್ಲಿ ಬಂದು, ಪುಣೆಯ ಶೆಡ್ಡಿನಲ್ಲಿ ಒಬ್ಬ ತಾಯಿ ಅದನ್ನು ಕೇಳಿ ಮಗನ ಕೈ ಹಿಡಿದು ಶಾಲೆಗೆ ಹೋದರೆ ಕಾಕಾನಿಗೆ ಉತ್ತರ ಸಿಕ್ಕಿತು.

ರ‍್ಯಾಪ್ ಬಗ್ಗೆ ನನಗೆ ಒಂದು ತಕರಾರೂ ಇದೆ. 70ರ ದಶಕದಲ್ಲಿ ಶುರುವಾದ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಸಿದ್ದಲಿಂಗಯ್ಯನವರ ಪದ್ಯಗಳನ್ನು ಸಾವಿರಾರು ಜನ ಒಟ್ಟಿಗೆ ಹಾಡುತ್ತಿದ್ದರು. ಓದು ಬಾರದವರೂ ಹಾಡುತ್ತಿದ್ದರು, ಯಾಕೆಂದರೆ ಒಂದು ಸಲ ಕೇಳಿದರೆ ಬಾಯಿಗೆ ಬರುತ್ತಿತ್ತು. ರ‍್ಯಾಪ್ ಹಾಗಲ್ಲ. ಒಬ್ಬನೇ ಹೇಳುತ್ತಾನೆ, ಅದೂ ಉಸಿರು ಬಿಡದ ಹಾಗೆ. ಉಳಿದವರು ಫೋನ್ ಎತ್ತಿ ವಿಡಿಯೋ ಮಾಡುತ್ತಾರೆ. ಎಲ್ಲರ ಹೋರಾಟ ಅಂತ ಹೇಳಿ ಒಬ್ಬನೇ ಮಾತಾಡಿದರೆ ಅದು ಹೇಗೆ ಎಲ್ಲರದು? ಎಲ್ಲರೂ ಕೂಗೋಕೆ ಒಂದೆರಡು ಸಾಲು ಬಿಟ್ಟುಕೊಡು. ನಡುನಡುವೆ ಉಸಿರಾಡೋ ಜಾಗ ಇರಲಿ.

---

ಗುಂಪಾ_ಗೇಟ್ (ಬೀದರ್)

ಮೇಷ್ಟ್ರೇ, ನೀವು ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಒಬ್ಬನೇ ಮಾತಾಡೋದು ತಪ್ಪು ಅಂತೀರಿ. ಆದರೆ ಯಾವತ್ತೂ ಮಾತಾಡೋಕೆ ಬಿಡದವರು ಒಬ್ಬರೇ ನಿಂತು ಮೂರು ನಿಮಿಷ ಯಾರೂ ತಡೆಯದ ಹಾಗೆ ಮಾತಾಡೋದು ಬೇರೆ ತರ ಅಲ್ವಾ? ಜಾಥಾದಲ್ಲಿ ಹೆಣ್ಣುಮಕ್ಕಳು ಕೋರಸ್ ಹಾಡುತ್ತಿದ್ದರು. ಮೈಕ್ ಯಾರ ಕೈಯಲ್ಲಿರುತ್ತಿತ್ತು?

ನಾನು ಬೀದರ್‌ನವಳು. ಕನ್ನಡ ಮತ್ತು ದಖನಿ ಎರಡರಲ್ಲೂ ರ‍್ಯಾಪ್ ಮಾಡುತ್ತೇನೆ. ನಮ್ಮ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಒಂದೇ ಅಂಗಡಿಯ ಮುಂದೆ ಕೇಳಿಸುತ್ತವೆ. ವಿಡಿಯೋದಲ್ಲಿ ಮುಖ ತೋರಿಸಲ್ಲ. ಮನೆಯಲ್ಲಿ ಅಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತಿಲ್ಲ. ಹಾಡಿನ ಕೆಳಗೆ ಬರೋ ಕಾಮೆಂಟ್‌ಗಳಲ್ಲಿ ಹಾಡಿನ ಬಗ್ಗೆ ಇರೋದಕ್ಕಿಂತ ನನ್ನ ಬಗ್ಗೆ ಇರೋದೇ ಜಾಸ್ತಿ. ಯಾರ ಮಗಳು, ಯಾವ ಜಾತಿ, ಯಾಕೆ ಮುಖ ಮುಚ್ಚಿದ್ದಾಳೆ. ಹುಡುಗರು ಬರೀ ಹಾಡು ಹಾಕುತ್ತಾರೆ, ನಾನು ಹಾಡು ಹಾಕಿದ ಮೇಲೆ ಕಾಮೆಂಟ್ ಅಳಿಸುತ್ತಾ ಕೂರಬೇಕು.

ನನ್ನ ಒಂದು ಹಾಡು ಬಾಲ್ಯ ವಿವಾಹದ ಮೇಲೆ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಬೇಸಿಗೆ ರಜೆ ಮುಗಿದ ಮೇಲೆ ಬರಲೇ ಇಲ್ಲ. ಹಾಡಿನಲ್ಲಿ ಅವಳ ಹೆಸರು, ಊರು, ಮದುವೆಯಾದ ಮನೆ ಯಾವುದೂ ಇಲ್ಲ. ಬರೆಯೋ ಮೊದಲು ಅವಳಿಗೆ ಫೋನ್ ಮಾಡಿ ಕೇಳಿದ್ದೆ. ಒಂದು ಸಾಲು ತೆಗಿ ಅಂದಳು, ತೆಗೆದೆ. ಕೇಳೋಕೆ ಅದೇ ಒಳ್ಳೆ ಸಾಲಾಗಿತ್ತು. ಆದರೆ ಅವಳ ಅತ್ತೆ ಮನೆಯವರು ಕೇಳಿದರೆ ಅವಳಿಗೆ ಕಷ್ಟ. ತೊಗರಿ ಹೊಲದ ಅಣ್ಣ, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು. ಅಮ್ಮನ ಮುಂದೆ ಕೂತು ಪೂರ್ತಿ ಹಾಡಿ. ಅವರು ಬೇಡ ಅಂದ ಸಾಲು ಬೇಡ. ನಾವು ಹಾಡು ಮುಗಿಸಿ ಹೊರಟುಬಿಡುತ್ತೇವೆ, ಅವರು ಆ ಊರಲ್ಲೇ ಇರಬೇಕು.

ಆ ಹಾಡಿನ ಮತ್ತೆ ಮತ್ತೆ ಬರೋ ಸಾಲಿನಲ್ಲಿ, ಅಂದರೆ ಹುಕ್‌ನಲ್ಲಿ 1098 ಅನ್ನೋ ನಂಬರ್ ಇಟ್ಟಿದ್ದೇನೆ. ಮಕ್ಕಳ ಸಹಾಯವಾಣಿ. ದಖನಿಯಲ್ಲಿ 'ದಸ್ ನವ್ ಆಠ್' ಅಂತ ತಾಳಕ್ಕೆ ಚೆನ್ನಾಗಿ ಕೂರುತ್ತದೆ, ಸಣ್ಣ ಮಕ್ಕಳು ಅರ್ಥ ಗೊತ್ತಿಲ್ಲದೆಯೂ ಕೂಗುತ್ತಾರೆ. ಒಂದು ಹೈಸ್ಕೂಲಿನಲ್ಲಿ ಹಾಡಿದ ಮೇಲೆ ಮೇಡಂ ಒಬ್ಬರು ಮೈಕ್ ತಗೊಂಡು ಕಾನೂನು ವಿವರಿಸಿದರು. 18 ತುಂಬದ ಹುಡುಗಿಯ ಮದುವೆ ಅಪರಾಧ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕರ್ನಾಟಕದಲ್ಲಿ 2016ರ ತಿದ್ದುಪಡಿ ಆದ ಮೇಲೆ ಅಂಥ ಮದುವೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ ಅನ್ನೋದು ಅಲ್ಲಿದ್ದ ಟೀಚರ್‌ಗಳಲ್ಲೇ ಕೆಲವರಿಗೆ ಹೊಸದು. ಹಾಡಿಲ್ಲದಿದ್ದರೆ ಮೇಡಂ ಹೇಳುತ್ತಿರಲಿಲ್ಲವಾ? ಹೇಳುತ್ತಿದ್ದರು. ಮಕ್ಕಳು ಆಕಳಿಸುತ್ತಿದ್ದರು. ಹಾಡು ಆದ ಮೇಲೆ ಹೇಳಿದ್ದಕ್ಕೆ ಹಿಂದಿನ ಬೆಂಚಿನ ಹುಡುಗಿಯರು ಪ್ರಶ್ನೆ ಕೇಳಿದರು.

ಇನ್ನೊಂದು ಹೇಳಲೇಬೇಕು. ಬದಲಾವಣೆ ಅಂತ ಮಾತಾಡೋ ಹುಡುಗರು ಬ್ಯಾಟಲ್‌ಗೆ ನಿಂತರೆ ಎದುರಿನವನ ಅವ್ವ, ಅಕ್ಕನ ಹೆಸರು ಹಿಡಿದೇ ಬೈಯೋದು. ಸರ್ಕಾರವನ್ನು ಪ್ರಶ್ನೆ ಮಾಡೋ ಬಾಯಿಗೆ ಅದು ಯಾಕೆ ಹೊಳೆಯುತ್ತೋ ನನಗೆ ಗೊತ್ತಾಗಲ್ಲ. ನಾವು ಬೀದರ್‌ನಲ್ಲಿ ಸೈಫರ್ (ಸುತ್ತ ನಿಂತು ಸರದಿಯಲ್ಲಿ ಹಾಡೋದು) ಮಾಡುವಾಗ ಒಂದೇ ನಿಯಮ ಇಟ್ಟಿದ್ದೇವೆ, ಹೆಣ್ಣಿನ ಮೇಲೆ ಬೈಗುಳ ಬಂದರೆ ಬೀಟ್ ಬಂದ್. ಮೊದಲು ಮುಖ ಗಂಟು ಹಾಕಿಕೊಂಡರು. ಈಗ ಅದಿಲ್ಲದೆ ಏಟು ಕೊಡೋದನ್ನು ಕಲಿತಿದ್ದಾರೆ, ಸಾಲುಗಳೂ ಮೊದಲಿಗಿಂತ ಚೆನ್ನಾಗಿವೆ.

---

ಏಕತಾರಿ_ಜೇವರ್ಗಿ

ನಮ್ಮ ನೆಲದಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಇವೆ, ಅವರ ಶಿಷ್ಯ ಚೆನ್ನೂರ ಜಲಾಲ ಸಾಹೇಬರ ಪದ ಇವೆ, ಮೊಹರಂ ಪದ ಇವೆ. ಜಾತಿಯನ್ನು, ಡಂಭವನ್ನು ಅವರು ಬೈದಷ್ಟು ಇನ್ನೂ ಯಾರೂ ಬೈದಿಲ್ಲ. ಇಷ್ಟೆಲ್ಲ ಇರುವಾಗ ಅಮೆರಿಕದ ದಾಟಿ ಯಾಕೆ ಬೇಕು ಅನ್ನೋದು ನನ್ನ ಪ್ರಾಮಾಣಿಕ ಪ್ರಶ್ನೆ. ಹುಡುಗರು ಭಜನೆಗೆ ಬರೋದೇ ಬಿಟ್ಟಿದ್ದಾರೆ. ನೋವಾಗುತ್ತದೆ.

---

ಸ್ಟೇಷನ್_ಬಜಾರ್_ಬೀಟ್ಸ್ (ಕಲಬುರಗಿ)

ಏಕತಾರಿ ಅಣ್ಣಾ, ನಿಮ್ಮ ನೋವು ನಿಜ. ಆದರೆ ತತ್ವಪದ ಹಾಡೋಕೆ ಗುರು ಬೇಕು, ಮೇಳ ಬೇಕು, ರಾತ್ರಿಯಿಡೀ ಕೂರೋ ಜಾಗ ಬೇಕು. ಹಾಸ್ಟೆಲ್ ಹುಡುಗನ ಹತ್ರ ಇರೋದು ಒಂದು ಫೋನ್. ಚೆನ್ನೈಯಲ್ಲಿ ಕಾಸ್ಟ್‌ಲೆಸ್ ಕಲೆಕ್ಟಿವ್ ಅಂತ ಒಂದು ತಂಡ ಇದೆ. ನಿರ್ದೇಶಕ ಪಾ. ರಂಜಿತ್, ಸಂಗೀತಗಾರ ಟೆನ್ಮಾ ಸೇರಿ ಕಟ್ಟಿದ್ದು, 2018ರ ಜನವರಿಯಲ್ಲಿ ಮೊದಲ ಕಾರ್ಯಕ್ರಮ. ಉತ್ತರ ಚೆನ್ನೈನ ದಲಿತ ಕೇರಿಗಳ ಗಾನಾ ಹಾಡುಗಾರರು, ರ‍್ಯಾಪರ್‌ಗಳು, ಪರೈ ಅನ್ನೋ ಚರ್ಮದ ವಾದ್ಯ ಬಾರಿಸೋರು ಒಂದೇ ವೇದಿಕೆಯಲ್ಲಿ ನಿಂತರು. ಅರಿವು ಅನ್ನೋ ರ‍್ಯಾಪರ್ ದೊಡ್ಡ ಹೆಸರಾದದ್ದು ಆ ತಂಡದಲ್ಲಿದ್ದಾಗಲೇ. ಸಾವಿನ ಮನೆಯಲ್ಲಿ ಬಾರಿಸೋದು ಅಂತ ದೂರ ಇಟ್ಟಿದ್ದ ವಾದ್ಯ ಅಲ್ಲಿ ಎಲ್ಲರ ಮುಂದೆ ಬಂತು.

ಇನ್ನು ಹರದೇಶಿ ನಾಗೇಶಿ ನೋಡಿ. ಶಿವ ಮೇಲೋ ಶಕ್ತಿ ಮೇಲೋ ಅಂತ ಎರಡು ಮೇಳ ಸವಾಲ್ ಜವಾಬ್ ಹಾಡುತ್ತವೆ, ಎದುರಿಗೆ ಕೂತ ಜನ ಅಲ್ಲೇ ತೀರ್ಪು ಹೇಳುತ್ತಾರೆ. ಹುಡುಗರಿಗೆ ನಾನು ಹೇಳೋದು, ರ‍್ಯಾಪ್ ಮಾಡಿ, ಆದರೆ ಒಂದು ರಾತ್ರಿ ಅಂಥ ಗೀಗಿ ಮೇಳದ ಮುಂದೆ ಕೂತು ಬನ್ನಿ. ಸಾಲು ತಪ್ಪದೆ ಜವಾಬು ಕೊಡೋದು ಹೇಗೆ ಅಂತ ಅಲ್ಲಿ ಕಲಿಯಿರಿ. ನೀವು ಹುಡುಗರನ್ನು ಕರೆಯಿರಿ ಅಣ್ಣಾ, ಬರುತ್ತಾರೆ. ಯಾರೂ ಕರೆದಿಲ್ಲ ಅಷ್ಟೇ.

---

ಶಹಾಪುರ_ಬಸ್‌ಸ್ಟ್ಯಾಂಡ್ (ಯಾದಗಿರಿ ಜಿಲ್ಲೆ)

ಯಾರೂ ದುಡ್ಡಿನ ಮಾತು ಎತ್ತಲಿಲ್ಲ, ಹಾಗಾಗಿ ನಾನು ಎತ್ತುತ್ತೇನೆ. ಯಾಕೆಂದರೆ ನಮ್ಮ ಕಡೆ ಸ್ವತಂತ್ರ ರ‍್ಯಾಪ್ ಕೆಡೋದೇ ಅಲ್ಲಿ.

ಯೂಟ್ಯೂಬಲ್ಲಿ ಜಾಹೀರಾತಿನ ಹಣ ಬರಬೇಕಾದರೆ 1000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬಂದಿರಬೇಕು. ಸ್ಪಾಟಿಫೈನಲ್ಲಿ ಒಂದು ಹಾಡನ್ನು 12 ತಿಂಗಳಲ್ಲಿ 1000 ಸಲವಾದರೂ ಕೇಳದಿದ್ದರೆ ಅದಕ್ಕೆ ಒಂದು ಪೈಸೆ ಇಲ್ಲ. ಮೂರು ನಿಮಿಷದ ಹಾಡಿಗೆ 4000 ಗಂಟೆ ಅಂದರೆ ಎಷ್ಟು ಜನ ಎಷ್ಟು ಸಲ ಕೇಳಬೇಕು ಲೆಕ್ಕ ಹಾಕಿ ನೋಡಿ. ಹಾಗಾದರೆ ನಮ್ಮ ಹುಡುಗರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಲೀಡರ್‌ಗಳ ಬರ್ತ್‌ಡೇ ಹಾಡಿನಿಂದ. ಎಲೆಕ್ಷನ್ ಹಾಡಿನಿಂದ. ನಮ್ಮಣ್ಣ ಹುಲಿ, ನಮ್ಮಣ್ಣ ಸಿಂಹ, ನಮ್ಮಣ್ಣ ಬಂದರೆ ಊರೇ ನಡುಗುತ್ತೆ. ಡಿಜೆ ಗಾಡಿ ಮೇಲೆ ಅದೇ ಓಡೋದು.

ನಾನು ಬೈಯ್ಯುತ್ತಿಲ್ಲ. ನನ್ನ ದೋಸ್ತ್ ಒಬ್ಬ ಅಂಥ ಹಾಡಿನ ಹಣದಲ್ಲೇ ತಂಗಿಯ ಕಾಲೇಜ್ ಫೀಸ್ ಕಟ್ಟಿದ. ಆದರೆ ಮುಂದಿನ ಮಳೆಗಾಲದಲ್ಲಿ ಅವನ ಓಣಿಗೆ ಚರಂಡಿ ನೀರು ನುಗ್ಗಿದಾಗ ಅವನು ಬರೆದ ಹಾಡು ಹಾಗೇ ಫೋನಿನಲ್ಲಿ ಉಳಿಯಿತು. ಯಾರ ಹೆಸರಲ್ಲಿ ಹೊಗಳಿದ್ದನೋ ಅವರನ್ನೇ ಕೇಳಬೇಕಿತ್ತು. ಯಾರೂ ಅವನಿಗೆ ಧಮಕಿ ಹಾಕಲಿಲ್ಲ. ಅವನಿಗೇ ಬಾಯಿ ಬರಲಿಲ್ಲ. ಲೇಬಲ್ ಇಲ್ಲ ಅಂದಮಾತ್ರಕ್ಕೆ ಸ್ವತಂತ್ರ ಆಗಲ್ಲ, ಯಾರ ಹತ್ರ ಕೈ ಚಾಚಿದ್ದೀವಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ.

ನನ್ನ ಸಲಹೆ, ಮದುವೆ, ಅಂಗಡಿ ಓಪನಿಂಗ್, ಕಾಲೇಜ್ ಫೆಸ್ಟ್, ಇಂಥದ್ದಕ್ಕೆ ಹಾಡು ಮಾಡಿಕೊಡು, ದುಡ್ಡು ತಗೋ. ಅದರಲ್ಲಿ ನಾಚಿಕೆ ಏನಿಲ್ಲ. ಮುಂದೆ ಪ್ರಶ್ನೆ ಕೇಳಬೇಕಾಗಿ ಬರೋ ಜನರ ಹತ್ರ ಮಾತ್ರ ತಗೋಬೇಡ.

ಇನ್ನೊಂದು ಎಚ್ಚರಿಕೆ. 2023ರಲ್ಲಿ ನಮ್ಮ ಗಡಿಯಾಚೆ ಮಹಾರಾಷ್ಟ್ರದಲ್ಲಿ ಸರ್ಕಾರವನ್ನು ಟೀಕೆ ಮಾಡಿ ಹಾಡಿದ ಇಬ್ಬರು ರ‍್ಯಾಪರ್‌ಗಳ ಮೇಲೆ ಪೊಲೀಸ್ ಕೇಸ್ ಆಯ್ತು. ಹೆದರಿ ಸುಮ್ಮನಿರು ಅಂತ ಹೇಳುತ್ತಿಲ್ಲ. ನೀನು ಕಂಡದ್ದನ್ನು ಹಾಡು, ಸಾಕ್ಷಿ ಇದ್ದದ್ದನ್ನು ಹಾಡು. ಪಗಾರ ಹಿಡಿದಿಟ್ಟ ಮೇಸ್ತ್ರಿಯ ಹೆಸರು ಹಾಡಿನಲ್ಲಿ ಹಾಕಿದರೆ ಮಾನನಷ್ಟ ಕೇಸ್ ಹಾಕೋಕೆ ಅವನಿಗೆ ದಾರಿ ಸಿಗುತ್ತೆ. ಪಗಾರ ಹೇಗೆ ಹಿಡಿದಿಡುತ್ತಾರೆ ಅನ್ನೋದನ್ನು ಪೂರ್ತಿ ಬಿಡಿಸಿ ಹಾಡಿದರೆ ಎಲ್ಲ ಮೇಸ್ತ್ರಿಗಳಿಗೂ ತಾಗುತ್ತೆ. ಮುಂಗಡ ಕೊಡೋದು, ವಾರದ ಖರ್ಚಿಗೆ ಅಂತ ಸ್ವಲ್ಪ ಸ್ವಲ್ಪ ಕೊಡೋದು, ಊರಿಗೆ ಹೊರಡುವಾಗ ಲೆಕ್ಕ ಮುಗಿಸದೆ ಮುಂದಿನ ಸಲ ಬಾ ಅನ್ನೋದು. ನಿಮ್ಮ ಕಾಕಾನ ಹತ್ರ ಕೂತು ಕೇಳು. ಹಾಡಿನ ಎರಡನೇ ವರ್ಸ್ (ಚರಣ) ಅಲ್ಲೇ ಸಿಗುತ್ತದೆ.

---

ತೊಗರಿ_ಹೊಲ (ಕಲಬುರಗಿ)

ಎಲ್ಲರದ್ದೂ ಓದಿದೆ. ಮೇಷ್ಟ್ರ ಮಾತನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ.

ನಿನ್ನೆ ಅವ್ವ ಫೋನ್ ಮಾಡಿದಾಗ ಹಾಡಿದೆ. ಬಸ್ಸಿನ ಸಾಲಿಗೆ ನಕ್ಕಳು. ಅದು ಪುಣೆ ಬಸ್ಸಲ್ಲ, ಮೊದಲ ಸಲ ನಾವು ಹೋದದ್ದು ಹೈದರಾಬಾದಿಗೆ, ಅದೂ ಲಾರಿಯಲ್ಲಿ, ಸರಿಯಾಗಿ ಬರಿ ಅಂದಳು. ಬಡತನ ತೋರಿಸಿದೆ ಅಂತ ಬೇಜಾರಾಗಲಿಲ್ಲ. ಆದರೆ ಅಲ್ಲಿ ಕೆಲಸಕ್ಕೆ ಹೋದಾಗ ನನ್ನ ತಮ್ಮನಿಗೆ ಆದ ಒಂದು ವಿಷಯ ಇತ್ತು, ಅದು ಬೇಡ ಅಂದಳು. ಮೂರನೇ ವರ್ಸ್‌ನಲ್ಲಿತ್ತು, ತೆಗೆದುಬಿಟ್ಟೆ.

ಬೀದರ್ ಅಕ್ಕಾ, ನಿಮ್ಮ ಮಾತಿಗೆ ಥ್ಯಾಂಕ್ಸ್. ಹುಕ್ ಗೋರ್‌ಬೋಲಿಯಲ್ಲಿ ಮಾಡುತ್ತೇನೆ, ಟಿಸಿ ಸಾಲು ಕನ್ನಡದಲ್ಲೇ ಇರಲಿ. ಅದು ಶಾಲೆಯವರಿಗೂ ತಿಳಿಯಬೇಕಲ್ಲ. ಪುಣೆಗೆ ಹೋಗೋರಿಗೆ ಅದೇ ಸಾಲನ್ನು ಹಿಂದಿಯಲ್ಲೂ ಒಂದು ಸಲ ಹೇಳೋಣ ಅಂತ ಕಾಕಾ ಹೇಳಿದರು. ಈಗ ಅವರೇ ದಿನಾ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಾರೆ. ಲೆಕ್ಕ ಹೇಗೆ ಮುರಿಯುತ್ತಾರೆ, ಹಾಜರಿ ಪುಸ್ತಕ ಯಾರ ಕೈಯಲ್ಲಿರುತ್ತೆ, ಎಲ್ಲ. ಅವರ ದನಿಯನ್ನೇ ಹಾಡಿನ ಶುರುವಿಗೆ ಇಡಬಹುದಾ ಅಂತ ಕೇಳಿದೆ, ಹೆಸರು ಬೇಡ, ದನಿ ಇಡು ಅಂದರು.

ಅಪ್‌ಲೋಡ್ ಮಾಡೋ ಮೊದಲು ತಾಂಡಾದಲ್ಲೇ ಹಾಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ಹೋಳಿಗೆ ಗುಳೆ ಹೋದವರು ಎಷ್ಟೋ ಜನ ಊರಿಗೆ ಬರುತ್ತಾರೆ, ರಾತ್ರಿ ಲೇಂಗಿ (ನಮ್ಮ ಹೋಳಿ ಹಾಡು) ಹಾಡುತ್ತಾ ಕುಣಿಯುತ್ತಾರೆ. ಅದರ ನಡುವೆ ಒಂದು ಹತ್ತು ನಿಮಿಷ ಕೊಡಿ ಅಂತ ತಾಂಡಾದ ನಾಯಕರನ್ನು ಕೇಳುತ್ತೇನೆ.

ಒಂದೇ ತೊಂದರೆ. ಹಲಗಿ ಬಾರಿಸೋ ಅಜ್ಜ ನಮ್ಮ ಪಕ್ಕದ ಊರಲ್ಲಿದ್ದಾರೆ, ಒಪ್ಪಿದ್ದಾರೆ. ಆದರೆ ಫೋನ್ ಮೈಕಲ್ಲಿ ಹಲಗಿ ಹಿಡಿದರೆ ದನಿ ಒಡೆಯುತ್ತದೆ. ಏನು ಮಾಡಲಿ?

---

ಸ್ಟೇಷನ್_ಬಜಾರ್_ಬೀಟ್ಸ್ (ಕಲಬುರಗಿ)

ಹಲಗಿಗೆ ಹತ್ತಿರ ಮೈಕ್ ಇಟ್ಟರೆ ಒಡೆದೇ ಒಡೆಯುತ್ತೆ. ಬಯಲಲ್ಲಿ ಬೇಡ, ಕೌದಿ, ಧಾನ್ಯದ ಚೀಲ ತುಂಬಿರೋ ಕೋಣೆಯಲ್ಲಿ ಕೂರಿಸು. ಫೋನನ್ನು ಎಂಟು ಹತ್ತು ಅಡಿ ದೂರ ಇಡು, ರೆಕಾರ್ಡಿಂಗ್ ಲೆವೆಲ್ ಇಳಿಸು, ಅದು ಕೆಂಪಿಗೆ ಹೋಗಬಾರದು. ಅಜ್ಜನಿಗೆ ಇಯರ್‌ಫೋನ್ ಹಾಕಿ ತಾಳದ ಕ್ಲಿಕ್ ಕೇಳಿಸಬೇಡ, ಅವರ ಕೈ ಕಟ್ಟಿಹಾಕಿದಂತೆ ಆಗುತ್ತದೆ. ಅವರು ಬಾರಿಸಿದ ವೇಗಕ್ಕೆ ನೀನು ಹಾಡು, ಬೀಟಿನ ವೇಗ (ಬಿಪಿಎಂ) ನಾನು ಆಮೇಲೆ ಹೊಂದಿಸುತ್ತೇನೆ.

ಇಲ್ಲಾ, ನನ್ನ ಹತ್ರ ಸಣ್ಣ ರೆಕಾರ್ಡರ್ ಇದೆ, ಬರೋ ಭಾನುವಾರ ಖಾಲಿ ಇದ್ದೇನೆ. ಚಿಂಚೋಳಿ ಬಸ್ ಹತ್ತಿ ನಾನೇ ಬರುತ್ತೇನೆ. ಅಜ್ಜನಿಗೆ ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿಟ್ಟುಕೋ, ಅವರ ಹೆಸರನ್ನು ವಿಡಿಯೋದ ಮೊದಲ ಸಾಲಿನಲ್ಲೇ ಹಾಕೋಣ, ಅವರು ಒಪ್ಪಿದರೆ.